ಮನಸ್ಸಿನ ಆಘಾತಕ್ಕೆ ದೇಹದ ಚಿಕಿತ್ಸೆ: ಮಹಾಯುದ್ಧ ಕಾಲದ ಎರಡು ಆಸ್ಪತ್ರೆಗಳು

ಮನಸ್ಸಿಗೆ ತಗಲಿದ ಆಘಾತವು ದೇಹದಲ್ಲಿಯೂ ನೆಲೆಸಿರುತ್ತದೆ, ಆದುದರಿಂದ ಚಿಕಿತ್ಸೆಯು ಕೇವಲ ಮಾತಿನದಾಗಿರದೆ ದೇಹವನ್ನೂ ಒಳಗೊಂಡಿರಬೇಕು ಎಂಬ ವಿಚಾರವು ಇಂದು ಪಾಶ್ಚಾತ್ಯ ದೇಶಗಳಲ್ಲಿ ಹೊಸ ಸಂಶೋಧನೆಯೆಂಬಂತೆ ಪ್ರಚಾರ ಪಡೆದಿದೆ. ಆದರೆ ಇದಕ್ಕೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. ದೇಹದ ಮೂಲಕ ಮಾಡುವ ಚಿಕಿತ್ಸೆ ಎಂದೊಡನೆ ಅದು ಸೌಮ್ಯವಾದುದೇ ಆಗಿರಬೇಕೆಂಬ ಭಾವನೆಯನ್ನು ಆ ಇತಿಹಾಸವು ಸಮರ್ಥಿಸುವುದಿಲ್ಲ.

ಪ್ರಥಮ ಮಹಾಯುದ್ಧವು 1914ರಲ್ಲಿ ಆರಂಭವಾದ ಕೆಲವೇ ತಿಂಗಳುಗಳಲ್ಲಿ, ಮೈಮೇಲೆ ಗಾಯವಿಲ್ಲದ ಸೈನಿಕರು ಮಾತು, ದೃಷ್ಟಿ, ನೆನಪು, ನಡಿಗೆಗಳನ್ನು ಕಳೆದುಕೊಂಡು ಆಸ್ಪತ್ರೆಗಳಿಗೆ ಬರತೊಡಗಿದರು. ಚಾರ್ಲ್ಸ್ ಮೈಯರ್ಸ್ ಎಂಬ ಇಂಗ್ಲಿಷ್ ವೈದ್ಯರು ಇಂತಹ ಮೂವರ ವೃತ್ತಾಂತವನ್ನು 1915ರ ಫೆಬ್ರವರಿಯಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿ, 'ಶೆಲ್ ಶಾಕ್' ಎಂಬ ಹೆಸರನ್ನು ಬಳಸಿದರು. ಫಿರಂಗಿ ಗುಂಡು ಸಮೀಪದಲ್ಲಿ ಸಿಡಿದುದೇ ಕಾರಣವೆಂದು ಮೊದಲು ಊಹಿಸಲಾಗಿತ್ತು. ಗುಂಡು ಸಿಡಿದ ಸ್ಥಳದಿಂದ ದೂರವಿದ್ದವರಲ್ಲಿಯೂ ಅದೇ ಲಕ್ಷಣಗಳು ಕಂಡುಬಂದಾಗ, ಇದು ಹೇಡಿತನವಲ್ಲದೆ ಬೇರೇನೂ ಅಲ್ಲವೆಂದು ಹಲವು ಸೇನಾಧಿಕಾರಿಗಳು ತೀರ್ಮಾನಿಸಿದರು. ಪಲಾಯನ, ಹೇಡಿತನ ಮುಂತಾದ ಅಪರಾಧಗಳಿಗಾಗಿ ಬ್ರಿಟಿಷ್ ಸೇನೆಯು ಗುಂಡಿಕ್ಕಿದ 306 ಮಂದಿಗೆ ಸರ್ಕಾರದ ಕ್ಷಮೆ ದೊರೆತುದು 2006ರಲ್ಲಿ. ಅಷ್ಟರಲ್ಲಿ ಅವರ ಮಕ್ಕಳೂ ವೃದ್ಧರಾಗಿದ್ದರು.

ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ ಲೂಯಿಸ್ ಯೆಲ್ಯಾಂಡ್ ಎಂಬ ವೈದ್ಯರಿದ್ದರು. ಅವರ ಬಳಿಗೆ 24 ವರ್ಷದ ಸಾಮಾನ್ಯ ಸಿಪಾಯಿಯೊಬ್ಬನನ್ನು ಕರೆತರಲಾಯಿತು. ಅನೇಕ ಕದನಗಳಲ್ಲಿ ಹೋರಾಡಿ ಬಂದಿದ್ದ ಆತ ಒಂಬತ್ತು ತಿಂಗಳಿಂದ ಮೂಕನಾಗಿದ್ದನು. ಅದಕ್ಕೆ ಮೊದಲೇ ಆತನ ನಾಲಗೆಯ ತುದಿಗೆ ಉರಿಯುವ ಸಿಗರೇಟನ್ನು ಮುಟ್ಟಿಸಿಯೂ ನೋಡಲಾಗಿತ್ತು. ಯೆಲ್ಯಾಂಡ್ ಕೋಣೆಯನ್ನು ಕತ್ತಲೆ ಮಾಡಿ, ಬಾಗಿಲಿಗೆ ಬೀಗ ಹಾಕಿ, ಮೊದಲಿನಂತೆ ಮಾತನಾಡುವವರೆಗೆ ಹೊರಗೆ ಬಿಡುವುದಿಲ್ಲವೆಂದು ತಿಳಿಸಿ, ಗಂಟಲಿಗೆ ವಿದ್ಯುತ್ ಹರಿಸಿದರು. ನಾಲ್ಕು ಗಂಟೆಗಳ ನಂತರ ಆತನಿಗೆ ಮಾತು ಬಂದಿತು. 1918ರಲ್ಲಿ ಯೆಲ್ಯಾಂಡ್ ಪ್ರಕಟಿಸಿದ ಗ್ರಂಥದಲ್ಲಿ ಇದೆಲ್ಲವೂ ಯಾವ ಸಂಕೋಚವೂ ಇಲ್ಲದೆ ದಾಖಲಾಗಿದೆ. ವೈದ್ಯರ ಲೆಕ್ಕದಲ್ಲಿ ಆತ ಗುಣಹೊಂದಿದ ರೋಗಿಯೆಂದೇ ಜಮೆಯಾದನು. ಯೆಲ್ಯಾಂಡ್ ಕ್ರೂರಿಯಲ್ಲ, ಆ ಕಾಲದ ಅಂಗೀಕೃತ ಪದ್ಧತಿಯನ್ನೇ ಅನುಸರಿಸಿದವರು ಎಂದು ಕೆಲವು ಇತಿಹಾಸಕಾರರು ವಾದಿಸುತ್ತಾರೆ. ಆ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಬೀಗ ಹಾಕಿದ ಬಾಗಿಲಿಗೆ ಅದು ಸಮಾಧಾನವಾಗಲಾರದು.

ಅದೇ ವರ್ಷಗಳಲ್ಲಿ ಎಡಿನ್‌ಬರೋ ನಗರದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಆರ್ಥರ್ ಬ್ರಾಕ್ ಎಂಬ ವೈದ್ಯರು ಬೇರೊಂದು ಮಾರ್ಗವನ್ನು ಹಿಡಿದರು. ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್ನನ ಗ್ರಂಥವನ್ನು ಇಂಗ್ಲಿಷಿಗೆ ಅನುವಾದಿಸಿದ್ದ ಈ ವಿದ್ವಾಂಸರು, ಮುಂದೆ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾದ ಪ್ಯಾಟ್ರಿಕ್ ಗೆಡ್ಡಿಸ್ ಅವರ ವಿಚಾರಗಳಿಂದ ಪ್ರಭಾವಿತರಾದವರು. ಆಘಾತಗೊಂಡವನಿಗೆ ತನ್ನ ಪರಿಸರದೊಡನೆ ಇದ್ದ ಸಂಬಂಧವೇ ಕಡಿದುಹೋಗಿರುತ್ತದೆ, ಕೈಕಾಲುಗಳ ದುಡಿಮೆಯಿಂದ ಅದನ್ನು ಮತ್ತೆ ಕೂಡಿಸಬೇಕು ಎಂಬುದು ಬ್ರಾಕ್ ಅವರ ಮತ. ನೆಲವನ್ನು ಸ್ಪರ್ಶಿಸಿದಾಗಲೆಲ್ಲ ಬಲ ಪಡೆಯುತ್ತಿದ್ದ, ನೆಲದಿಂದ ಮೇಲೆತ್ತಲ್ಪಟ್ಟಾಗ ಸೋತ ಗ್ರೀಕ್ ಪುರಾಣದ ಆಂಟೀಯಸನ ಕಥೆಯನ್ನು ಅವರು ದೃಷ್ಟಾಂತವಾಗಿ ಬಳಸುತ್ತಿದ್ದರು. 1917ರಲ್ಲಿ ಅವರ ರೋಗಿಯಾಗಿದ್ದ ಕವಿ ವಿಲ್‌ಫ್ರೆಡ್ ಓವನ್ ಆಸ್ಪತ್ರೆಯ ಪತ್ರಿಕೆಯನ್ನು ಸಂಪಾದಿಸಿದನು, ನಿಸರ್ಗ ವೀಕ್ಷಣೆಯ ಸಂಘದಲ್ಲಿ ಭಾಗವಹಿಸಿದನು, ನಗರದ ಶಾಲೆಯೊಂದರಲ್ಲಿ ಪಾಠ ಹೇಳಿದನು.

ಇಬ್ಬರು ವೈದ್ಯರೂ ದೇಹವನ್ನೇ ಹಿಡಿದರು ಎಂಬುದು ಗಮನಾರ್ಹ. ಒಬ್ಬರು ದೇಹಕ್ಕೆ ಆಜ್ಞೆ ಮಾಡಿದರು, ಇನ್ನೊಬ್ಬರು ಅದಕ್ಕೆ ಕೆಲಸ ಕೊಟ್ಟು ಕಾದರು. ಆದರೆ ಕ್ರೇಗ್‌ಲಾಕ್‌ಹಾರ್ಟ್ ಕೇವಲ ಅಧಿಕಾರಿ ದರ್ಜೆಯವರಿಗಾಗಿ ಇದ್ದ ಆಸ್ಪತ್ರೆ ಎಂಬುದನ್ನು ಮರೆಯಲಾಗದು. ಕ್ವೀನ್ ಸ್ಕ್ವೇರಿನಲ್ಲಿ ಮೂಕನಾಗಿ ಕುಳಿತಿದ್ದ ಸಿಪಾಯಿಗೆ ಅಂತಹ ಸಹನೆ ಲಭಿಸಲಿಲ್ಲ. ಬ್ರಾಕ್ ಅವರ ಸೌಮ್ಯ ಚಿಕಿತ್ಸೆಯ ಉದ್ದೇಶವಾದರೂ ಅಧಿಕಾರಿಯನ್ನು ಮರಳಿ ಸೇನೆಗೆ ಒಪ್ಪಿಸುವುದೇ ಆಗಿತ್ತು. ಗುಣಹೊಂದಿದ ಓವನ್ ರಣರಂಗಕ್ಕೆ ಹಿಂದಿರುಗಿ, ಯುದ್ಧ ನಿಲ್ಲಲು ಒಂದು ವಾರವಿದ್ದಾಗ, 1918ರ ನವೆಂಬರ್ 4ರಂದು ಹತನಾದನು.

ಅಮೆರಿಕದ ಮನೋವೈದ್ಯರ ಸಂಘವು ಆಘಾತೋತ್ತರ ವ್ಯಾಧಿಯನ್ನು ತನ್ನ ರೋಗಪಟ್ಟಿಗೆ ಸೇರಿಸಿದ್ದು 1980ರಲ್ಲಿ. 2014ರಲ್ಲಿ ಬೆಸೆಲ್ ವ್ಯಾನ್ ಡರ್ ಕೊಲ್ಕ್ ಮತ್ತು ಅವರ ಸಹೋದ್ಯೋಗಿಗಳು, ಇತರ ಚಿಕಿತ್ಸೆಗಳಿಂದ ಗುಣವಾಗದಿದ್ದ 64 ಮಹಿಳೆಯರ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಹತ್ತು ವಾರಗಳ ಯೋಗಾಭ್ಯಾಸದ ನಂತರ 31 ಮಂದಿಯಲ್ಲಿ 16 ಮಂದಿ ವ್ಯಾಧಿಯ ಮಾನದಂಡದಿಂದ ಹೊರಬಂದರು. ಆರೋಗ್ಯ ಶಿಕ್ಷಣ ಮಾತ್ರ ಪಡೆದ 29 ಮಂದಿಯಲ್ಲಿ ಹಾಗೆ ಹೊರಬಂದವರು 6 ಮಂದಿ. ಇದು ಸಣ್ಣ ಅಧ್ಯಯನ. ಆಘಾತದ ನೆನಪನ್ನೇ ಕುರಿತು ಮಾತಿನ ಮೂಲಕ ನಡೆಸುವ ಚಿಕಿತ್ಸೆಗಳಿಗೆ ಇದಕ್ಕಿಂತ ಬಲವಾದ ಆಧಾರಗಳಿವೆ. ಆದರೂ ಈ ಬಗೆಯ ಯೋಗದ ಕ್ರಮವು ಗಮನಿಸತಕ್ಕದ್ದು. ಶಿಕ್ಷಕರು ಕೈಯೆತ್ತಿರಿ ಎಂದು ಆಜ್ಞಾಪಿಸುವುದಿಲ್ಲ, ಇಷ್ಟವಿದ್ದರೆ ಎತ್ತಬಹುದು ಎನ್ನುತ್ತಾರೆ. ಎತ್ತದೆ ಸುಮ್ಮನೆ ಕುಳಿತವರನ್ನು ಯಾರೂ ಬಲವಂತಪಡಿಸುವುದಿಲ್ಲ.