ನಮ್ಮೂರ ವಸ್ತುಗಳ ಕಥೆ – 7: ಬಸ್ಸಿನಡಿಯಿಂದ ಬಂದ ಕತ್ತಿ

ಆನ್‌ಲೈನಲ್ಲಿ ಮಡಚುವ ಚೂರಿ ಹುಡುಕ್ತಾ ಇದ್ದೀರಾ? ಒಂದು ನಿಮಿಷ ನಿಲ್ಲಿ ಮಾರಾಯ್ರೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ತೋಟಗಳಲ್ಲಿ ದಿನವಿಡೀ ದುಡಿಯುವುದು ಮಡಚದ ಕತ್ತಿ. ಸೋಗೆ ಕಡಿಯಬೇಕು, ಬೊಂಡ ಕೆತ್ತಬೇಕು, ಬಳ್ಳಿ ಸವರಬೇಕು. ಮಡಚುವ ಚೂರಿಯ ಕೀಲಿಗೆ ಮಣ್ಣು, ಅಡಿಕೆ ಚೊಗರು, ಮಳೆನೀರು ಹೊಕ್ಕರೆ ತುಕ್ಕು. ಜೋರಾಗಿ ಕಡಿದರೆ ಮೊದಲು ಸಡಿಲಾಗುವುದೂ ಆ ಕೀಲೇ.

ಹಿಂದೆ ಉಕ್ಕು ದುಬಾರಿ. ಆಚಾರಿಗಳು ಮೆದು ಕಬ್ಬಿಣದಲ್ಲಿ ಕತ್ತಿ ಮಾಡಿ, ಬಾಯಿಗೆ ಮಾತ್ರ ಉಕ್ಕು ಬೆಸೆಯುತ್ತಿದ್ದರು. ಅದು ಸವೆದರೆ ಮತ್ತೆ ‘ಉಕ್ಕು ಹಾಕಿಸುವುದು’.

1914ರಲ್ಲಿ ಮಂಗಳೂರಿನಲ್ಲಿ ಸಿ.ಪಿ.ಸಿ. ಬಸ್ ಕಂಪೆನಿ ಶುರುವಾಯ್ತು. ಮುಂದೆ ಬಸ್ಸು, ಲಾರಿ ಹೆಚ್ಚಿದಂತೆ ತುಂಡಾದ ಸ್ಪ್ರಿಂಗ್ ಪ್ಲೇಟುಗಳು ಕುಲುಮೆಗೆ ಬರತೊಡಗಿದವು. ಹೊಂಡದ ರಸ್ತೆಯಲ್ಲಿ ಭಾರ ಹೊತ್ತು, ಬಾಗಿ, ಮತ್ತೆ ನೆಟ್ಟಗಾಗುವ ಉಕ್ಕು ಅದು. ಅದರಲ್ಲಿ ಸುಮಾರು ಶೇ. 0.6 ಇಂಗಾಲ ಉಂಟು. ಸರಿಯಾಗಿ ಹದ ಕೊಟ್ಟರೆ ಹರಿತವೂ ನಿಲ್ತದೆ, ಏಟೂ ತಡೀತದೆ. ಬರೀ ಗಟ್ಟಿ ಮಾಡಿದರೆ ಬಾಯಿ ಒಡೀತದೆ, ಬರೀ ಮೆದುವಾದರೆ ಮಡಚ್ತದೆ.

ಹಾಗಾಗಿ ಕತ್ತಿ ತೆಗೆಯುವಾಗ ಬ್ರ್ಯಾಂಡ್ ಕೇಳ್ಬೇಡಿ, “ಪ್ಲೇಟಿದ್ದಾ?” ಅಂತ ಕೇಳಿ. ಮತ್ತೆ ಹಿಡಿ ನೋಡಿ. ಅಲುಗಾಡಬಾರದು, ಒದ್ದೆ ಕೈಯಲ್ಲಿ ಜಾರಬಾರದು. ತೋಟದ ಕತ್ತಿ ತೋಟದಲ್ಲೇ ಇರಲಿ, ಕಾಲೇಜು ಬ್ಯಾಗಿಗೆ ಬೇಡ.

ಹಳೆಯ ಸಲಕರಣೆ ನೋಡ್ಬೇಕಾದ್ರೆ ಬಿ.ಸಿ.ರೋಡಿನ ಸಂಚಯಗಿರಿಯ ತುಳು ಬದುಕು ವಸ್ತು ಸಂಗ್ರಹಾಲಯಕ್ಕೆ ಹೋಗಿ. ಆದರೆ ಹದ ಕೊಡುವ ಅಂದಾಜು ಮ್ಯೂಸಿಯಮ್ಮಿನಲ್ಲಿ ಉಳಿಯುವುದಿಲ್ಲ, ಅದು ಆಚಾರಿಯ ಕಣ್ಣಲ್ಲಿರುವುದು. ನಾವು ಕೆಲಸ ಕೊಟ್ಟರೆ ಮಾತ್ರ ಕುಲುಮೆಯ ಬೆಂಕಿ ಉರೀತದೆ.

ನಿಮ್ಮ ಮನೆ ಕತ್ತಿಗೆ ಎಷ್ಟು ವರ್ಷ? ಅಜ್ಜನತ್ರ ಕೇಳಿ ಕಮೆಂಟ್ ಹಾಕಿ.

#ನಮ್ಮೂರವಸ್ತು #ತುಳುನಾಡು #ಬಂಟ್ವಾಳ