ಹತ್ತಿ ಗಾಡಿ ಇಳಿದ ಘಟ್ಟ

ಮಳೆಗಾಲ ಶುರುವಾಯ್ತು ಅಂದ್ರೆ ನಮ್ಮ ಹುಬ್ಬಳ್ಳಿ-ಧಾರವಾಡದ ಮಂದಿಗೆ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಭಾನುವಾರ ಬೆಳಿಗ್ಗೆ ಐದಕ್ಕೆ ಎದ್ದು ಬೈಕು ಹತ್ತಿ ಕಲಘಟಗಿ ದಾರಿ ಹಿಡಿದರೆ, ಕಿರವತ್ತಿ ದಾಟುವಷ್ಟರಲ್ಲಿ ಕರಿಮಣ್ಣಿನ ಹೊಲಗಳು ಮುಗಿದು ತೇಗದ ಕಾಡು ಶುರು. ಯಲ್ಲಾಪುರದಲ್ಲಿ ಇಡ್ಲಿ ತಿಂದು ಮಾಗೋಡು ಜಲಪಾತ, ಜೇನುಕಲ್ಲು ಗುಡ್ಡ, ಇಲ್ಲವಾದರೆ ಸಾತೊಡ್ಡಿ. ಇನ್ನೂ ಹುಮ್ಮಸ್ಸಿದ್ದರೆ ಅರಬೈಲ್ ಘಟ್ಟ ಇಳಿದು ಅಂಕೋಲಾ. ನಾನೂ ಕಾಲೇಜು ದಿನಗಳಿಂದ ಹೀಗೆ ತಿರುಗಿದವನೇ. ಚಾರಣ ಮಾಡಿದ್ದೇನೆ, ಫೋಟೋ ತೆಗೆದಿದ್ದೇನೆ, ಜಿಗಣೆ ಕಡಿಸಿಕೊಂಡಿದ್ದೇನೆ. ಆದರೆ ಈ ಕಾಡಿನ ನಡುವೆ ರಸ್ತೆ ಯಾಕೆ ಬಂತು ಅನ್ನೋ ಪ್ರಶ್ನೆ ಮಾತ್ರ ತಲೆಗೆ ಹೊಳೆದಿರಲಿಲ್ಲ.

ಹೊಳೆಸಿದ್ದು ನಮ್ಮ ಅಜ್ಜ. ಒಮ್ಮೆ ದೇವಿಮನೆ ಘಟ್ಟ ನೋಡಿ ಬಂದು, ಎಂಥಾ ಚೆಂದ ಹಾದಿ ಅಂತ ವರ್ಣಿಸುತ್ತಿದ್ದೆ. ಅಜ್ಜ ಎಲೆ ಅಡಿಕೆ ಕುಟ್ಟುತ್ತಾ ಅಂದ: "ನೀವು ಮಜಾ ಮಾಡಾಕ ಹೊಕ್ಕೀರಿ. ನಮ್ಮ ಮುತ್ಯಾನ ಕಾಲಕ್ಕ ಆ ಹಾದ್ಯಾಗ ಎತ್ತಿನ ಹೆಗಲಿನ ತೊಗಲು ಕಿತ್ತು ಬರ್ತಿತ್ತು. ಅದು ಅರಳಿ ಹಾದಿ ತಮ್ಮಾ."

ಅಜ್ಜನ ಮುತ್ಯಾ ಹತ್ತಿ ಗಾಡಿ ಹೊಡೆಯುತ್ತಿದ್ದನಂತೆ. ಹುಬ್ಬಳ್ಳಿಯಿಂದ ಶಿರಸಿ ಮೇಲೆ ಕುಮಟಾಕ್ಕೆ. ಈಗಿನ ಲೆಕ್ಕದಲ್ಲಿ ಸುಮಾರು 160 ಕಿ.ಮೀ., ಕಾರಿನಲ್ಲಿ ಅರ್ಧ ದಿನವೂ ಬೇಡ. ಗಾಡಿಗೆ ಎಂಟು-ಹತ್ತು ದಿನ. ಇಳಿಜಾರಿನಲ್ಲಿ ಗಾಡಿ ಎತ್ತಿನ ಮೇಲೆ ನುಗ್ಗದಿರಲಿ ಅಂತ ಹಿಂದೆ ಒಂದು ಮರದ ದಿಮ್ಮಿ ಕಟ್ಟಿ ಎಳೆಸುತ್ತಿದ್ದರಂತೆ. ಬರುವಾಗ ಉಪ್ಪು, ತೆಂಗು, ಒಣಮೀನು. ಇಷ್ಟೇ ನಮ್ಮ ಮನೆಯಲ್ಲಿ ಉಳಿದ ನೆನಪು. ಮಿಕ್ಕದ್ದನ್ನು ನಾನು ಆಮೇಲೆ ಪುಸ್ತಕಗಳಲ್ಲಿ ಹುಡುಕಿದೆ.

ಹತ್ತಿಯ ವ್ಯಾಪಾರದಲ್ಲಿ "ಕುಮಟಾ ಹತ್ತಿ" ಅಂತ ಒಂದು ಪ್ರಸಿದ್ಧ ತಳಿಯ ಹೆಸರಿತ್ತು. ತಮಾಷೆ ನೋಡಿ, ಈ ಹತ್ತಿ ಬೆಳೆಯುತ್ತಿದ್ದದ್ದು ಕುಮಟಾದಲ್ಲಿ ಅಲ್ಲವೇ ಅಲ್ಲ. ಭತ್ತ-ತೆಂಗಿನ ಆ ಊರಲ್ಲಿ ಹತ್ತಿ ಎಲ್ಲಿಂದ ಬರಬೇಕು? ಬೆಳೆದದ್ದು ಧಾರವಾಡ ಸೀಮೆಯ ಎರೆಹೊಲಗಳಲ್ಲಿ. ಹಡಗು ಹತ್ತಿದ ಬಂದರಿನ ಹೆಸರು ಅದಕ್ಕೆ ಅಂಟಿಕೊಂಡಿತು. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ಬೀಜ ತರಿಸಿ ಇಲ್ಲಿ ಬಿತ್ತಿಸಿತು. ಅದು "ಧಾರವಾಡ-ಅಮೆರಿಕನ್" ಆಯಿತು. ಎರಡೂ ಹತ್ತಿಗೆ ಸಮುದ್ರ ಬೇಕು, ನಡುವೆ ಘಟ್ಟ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ದಕ್ಷಿಣದ ಬಂದರುಗಳಿಗೆ ಉತ್ತರದವರ ನೌಕಾಪಡೆ ದಿಗ್ಬಂಧನ ಹಾಕಿತು. ಇಂಗ್ಲೆಂಡಿನ ಲ್ಯಾಂಕಾಷೈರ್‌ನಲ್ಲಿ ಹತ್ತಿಯಿಲ್ಲದೆ ಗಿರಣಿಗಳು ನಿಂತವು. ಅಲ್ಲಿಯ ಗಿರಣಿ ಧಣಿಗಳ ಕಣ್ಣು ನಮ್ಮ ಕರಿಮಣ್ಣಿನ ಮೇಲೆ ಬಿತ್ತು. ಅದಕ್ಕೂ ಒಂದು ವರ್ಷ ಮೊದಲೇ, 1860ರಲ್ಲಿ, ಮ್ಯಾಂಚೆಸ್ಟರ್ ಕಾಟನ್ ಕಂಪನಿ ಹುಟ್ಟಿತ್ತು. ಅವರು ಕಾರವಾರದ ಪಕ್ಕದ ಸದಾಶಿವಗಡವನ್ನು ಆರಿಸಿಕೊಂಡು ಹತ್ತಿ ಒತ್ತುವ ಯಂತ್ರ ಕಳಿಸಿದರು. ಯಂತ್ರ ಬಂತು, ಘಟ್ಟದ ರಸ್ತೆ ಹೇಳಿದ ಹೊತ್ತಿಗೆ ಮುಗಿಯಲಿಲ್ಲ! ಮ್ಯಾಂಚೆಸ್ಟರಿನವರು ಒಂದೇ ಸಮ ಗಲಾಟೆ ಮಾಡಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬಯಿಗೆ ಸೇರಿಸಿದ್ದರ ಹಿಂದೆಯೂ ಈ ಹತ್ತಿ, ಬಂದರು, ರಸ್ತೆಗಳ ಒತ್ತಡ ಇತ್ತು. ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ, ಅದು ಹಡಗು ಹತ್ತುವ ಬಂದರು ಮದ್ರಾಸಿನಲ್ಲಿ ಇದ್ದರೆ ರಸ್ತೆ ಮಾಡುವವರು ಯಾರು?

ಯುದ್ಧ ನಡೆಯುವಷ್ಟು ದಿನ ಹತ್ತಿಗೆ ಬಂಗಾರದ ಬೆಲೆ. 1865ರಲ್ಲಿ ಯುದ್ಧ ನಿಂತಿತು, ಬೆಲೆ ಬಿತ್ತು. ಘಟ್ಟದಲ್ಲಿ ಗಾಡಿಗಳು ಮತ್ತೂ ಇಪ್ಪತ್ತು ವರ್ಷ ಓಡಿದವು. ಆಮೇಲೆ ರೈಲು ಬಂತು. 1888ರ ಹೊತ್ತಿಗೆ ಲೋಂಡಾ, ಕ್ಯಾಸಲ್‌ರಾಕ್ ಮೇಲೆ, ದೂಧಸಾಗರದ ಮುಂದೆ ಹಾದು, ಪೋರ್ಚುಗೀಸರ ಮರ್ಮಗೋವಾ ಬಂದರಿಗೆ ಹಳಿ ಕೂಡಿತು. ಹತ್ತಿ ಗೋವಾದ ಕಡೆ ತಿರುಗಿತು. ಕುಮಟಾ ಬಂದರಿನ ಗದ್ದಲ ಇಳಿಯಿತು. ನಮ್ಮ ಮುತ್ಯಾನ ಮುತ್ಯಾ ಗಾಡಿ ಮಾರಿ ಹೊಲಕ್ಕೆ ಮರಳಿದ. ಇವತ್ತು ನಾವು ಫೋಟೋ ತೆಗೆಯುವ ದೂಧಸಾಗರದ ಹಳಿಯೂ ಚೆಂದಕ್ಕೆ ಹಾಕಿದ್ದಲ್ಲ, ಸರಕಿಗೆ ಹಾಕಿದ್ದು.

ಈ ಚರಿತ್ರೆಯಲ್ಲಿ ಕಲೆಕ್ಟರರ, ಇಂಜಿನಿಯರರ, ಕಂಪನಿಗಳ ಹೆಸರು ಸಿಗುತ್ತವೆ. ಮಲೆಜ್ವರದ ಆ ಕಾಡಿನಲ್ಲಿ ಗುದ್ದಲಿ ಹಿಡಿದು ಬಂಡೆ ಒಡೆದವರ ಹೆಸರು ನನಗೆ ಒಂದೂ ಸಿಗಲಿಲ್ಲ. ಗಾಡಿ ಹೊಡೆದವರದ್ದೂ ಇಲ್ಲ.

ಇನ್ನು ಹೊಳೆಯ ವಿಷಯ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲಾ ನಿಮಗೆಲ್ಲ ಗೊತ್ತು (ಶಿರಸಿಯ ಸಹಸ್ರಲಿಂಗದ ಶಾಲ್ಮಲೆ ಬೇರೆ, ಶಿರಸಿಯ ಗೆಳೆಯರು ಜಗಳಕ್ಕೆ ಬರಬೇಡಿ!). ನಮ್ಮ ಊರಿನ ಒಂದು ಮಗ್ಗುಲಿಗೆ ಬಿದ್ದ ಮಳೆ ಮಲಪ್ರಭೆ, ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಮಗ್ಗುಲಿನದು ಶಾಲ್ಮಲೆಯಾಗಿ, ಮುಂದೆ ಬೇಡ್ತಿಯಾಗಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರಿನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಹತ್ತಿ ಗಾಡಿಗಿಂತ ಎಷ್ಟೋ ಮೊದಲು ಘಟ್ಟ ಇಳಿಯುವ ದಾರಿ ಕಂಡುಕೊಂಡಿದ್ದು ಈ ಹೊಳೆ. ಜೇನುಕಲ್ಲು ಗುಡ್ಡದ ತುದಿಯಲ್ಲಿ ನಿಂತು ಕೆಳಗಿನ ಕಣಿವೆ ನೋಡುವಾಗ ನನಗೆ ಈಗ ಊರ ನೀರೇ ಕಾಣುತ್ತದೆ.

2021ರ ಜುಲೈನಲ್ಲಿ ಅರಬೈಲ್ ಘಟ್ಟ ಕುಸಿದು ಹುಬ್ಬಳ್ಳಿ-ಅಂಕೋಲಾ ಓಡಾಟ ನಿಂತಿತು. ಅದೇ ಮಳೆಗೆ ಯಲ್ಲಾಪುರ ತಾಲೂಕಿನ ಕಳಚೆ ಊರಿನ ತೋಟ, ಮನೆಗಳು ಜಾರಿಹೋದವು. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ, ಇದೇ ಗಂಗಾವಳಿಯ ದಂಡೆಯಲ್ಲಿ, ಹೆದ್ದಾರಿಗೆ ಬುಡ ಕಡಿದಿದ್ದ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾ ಅಂಗಡಿ, ಅಲ್ಲಿ ನಿಂತಿದ್ದ ಲಾರಿಗಳು ಹೊಳೆಗೆ ಹೋದವು. ಒಬ್ಬ ಲಾರಿ ಚಾಲಕನ ದೇಹ ಸಿಗಲು ಎರಡು ತಿಂಗಳು ದಾಟಿತು. ಆ ಸುದ್ದಿ ನೋಡುತ್ತಾ ಕೂತಿದ್ದಾಗ ಅಜ್ಜನ ಮಾತು ನೆನಪಾಯಿತು. ಎತ್ತು ಹೋಗಿ ಲಾರಿ ಬಂದಿದೆ, ಅಷ್ಟೇ. ಸರಕು ಯಾರದೋ, ಅವಸರ ಯಾರದೋ. ಘಟ್ಟ ಕುಸಿದಾಗ ಕೆಳಗೆ ಸಿಕ್ಕುವವನು ಮಾತ್ರ ಗಾಡಿಯವನು, ಚಹಾ ಮಾರುವವನು.

ರಸ್ತೆಯೇ ಬೇಡ ಅನ್ನುವ ಮುಖ ನನಗಿಲ್ಲ. ನಾನು ಕಾಡು ನೋಡಿದ್ದೇ ಆ ರಸ್ತೆಯಿಂದ. ಘಟ್ಟದ ಕೆಳಗಿನವರಿಗೆ ಹುಬ್ಬಳ್ಳಿಯ ದವಾಖಾನೆಗೆ ಬರುವ ದಾರಿಯೂ ಅದೇ. ಆದರೆ ದೇವಿಮನೆಯಲ್ಲಿ ರಸ್ತೆ ಅಗಲ ಮಾಡಲು ಗುಡ್ಡ ಕಡಿದಿದ್ದನ್ನು ನೋಡಿದಾಗ, 1860ರ ಮ್ಯಾಂಚೆಸ್ಟರಿನವರ ಅವಸರ ಇನ್ನೂ ಮುಗಿದಿಲ್ಲ ಅನ್ನಿಸಿತು.

ಹೋದ ಸಲ ದೇವಿಮನೆಯ ಗುಡಿಯ ಮುಂದೆ ಬೈಕು ನಿಲ್ಲಿಸಿ ಒಂದು ಕಾಯಿ ಒಡೆಸಿದೆ. ನನಗೆ ಅಂಥ ಭಕ್ತಿಯೇನೂ ಇಲ್ಲ. ಇಳಿಯುವ ಮೊದಲು ನಮ್ಮವನೂ ಇಲ್ಲೇ ಎಲ್ಲೋ ಗಾಡಿ ನಿಲ್ಲಿಸಿ ದಿಮ್ಮಿ ಕಟ್ಟಿರಬೇಕು ಅಂತ ಅನ್ನಿಸಿತು, ಅದಕ್ಕೆ. ಆಮೇಲೆ ಎರಡನೇ ಗೇರಿನಲ್ಲಿ ನಿಧಾನವಾಗಿ ಇಳಿದೆ.

ನಿಮ್ಮ ಮನೆಯಲ್ಲೂ ಹತ್ತಿ ಗಾಡಿ, ಉಪ್ಪಿನ ಗಾಡಿ ಹೊಡೆದ ಹಿರಿಯರ ಮಾತು ಉಳಿದಿದ್ದರೆ ದಯವಿಟ್ಟು ಬರೆದಿಡಿ. ಗ್ಯಾಸೆಟಿಯರಿನಲ್ಲಿ ಅವರ ಹೆಸರಿಲ್ಲ.