ಸಿಂದಿಗಿಡದ ನೆನಪು

ಫ್ರಾನ್ಸಿನ ಚರಿತ್ರೆ ಓದುವಾಗ ಅಬ್ಸಿಂತ್ ಎಂಬ ಹಸಿರು ಮದ್ಯದ ವಿವರ ಕಣ್ಣಿಗೆ ಬಿತ್ತು. ಲೋಟದ ಮೇಲೆ ತೂತಿನ ಚಮಚವನ್ನು ಅಡ್ಡಲಾಗಿಟ್ಟು, ಅದರ ಮೇಲೆ ಸಕ್ಕರೆ ಅಚ್ಚನ್ನಿರಿಸಿ, ತಣ್ಣೀರನ್ನು ಹನಿಹನಿಯಾಗಿ ಬಿಡುತ್ತಿದ್ದರಂತೆ. ಹಸಿರು ಕದಡಿ ಹಾಲಿನ ಬಣ್ಣವಾಗುತ್ತಿತ್ತು. 1915ರಲ್ಲಿ ಅಲ್ಲಿ ಅದಕ್ಕೆ ನಿಷೇಧ ಬಂತು. ಓದುತ್ತ ನೆನಪಾದದ್ದು ನಮ್ಮ ಅಬ್ಬೆತುಮಕೂರಿನ ಕಡೆಯ ಸಿಂದಿ.

ನಮ್ಮಲ್ಲಿ ಮರಕ್ಕೂ ಗಿಡವೆನ್ನುವುದೇ ರೂಢಿ, ಸಿಂದಿಗಿಡವೆಂದರೆ ಈಚಲು. ಚಳಿಗಾಲದಲ್ಲಿ ಈಡಿಗರು ಸೊಂಟಕ್ಕೂ ಗಿಡಕ್ಕೂ ಹಗ್ಗ ಬಿಗಿದು ಏರಿ, ತಲೆಯ ಕೆಳಗಿನ ಎಳೆಯ ಭಾಗವನ್ನು ಒಂದು ಮಗ್ಗುಲಲ್ಲಿ ಕೆತ್ತಿ, ರಸ ಹರಿಯಲು ಸಣ್ಣ ಕಡ್ಡಿ ಸಿಕ್ಕಿಸಿ, ಸಂಜೆ ಮಡಕೆ ಕಟ್ಟುವರು. ಸೂರ್ಯೋದಯಕ್ಕೆ ಮುನ್ನ ಇಳಿಸುವರು. ಮರುವರ್ಷ ಎದುರು ಮಗ್ಗುಲಿಗೆ ಕತ್ತಿ. ಆದ್ದರಿಂದಲೇ ಹಳೆಯ ಗಿಡಗಳ ಕಾಂಡ ಅಂಕುಡೊಂಕು; ಗಾಯಗಳನ್ನೆಣಿಸಿದರೆ ಎಷ್ಟು ವರ್ಷ ರಸ ಇಳಿಸಿದ್ದಾರೆಂಬ ಲೆಕ್ಕ ಸಿಗುತ್ತದೆ. ಮಡಕೆಯೊಳಗೆ ಸುಣ್ಣ ಬಳಿದಿದ್ದರೆ ರಸ ಸಿಹಿಯಾಗಿ ನಿಲ್ಲುತ್ತದೆ, ಅದೇ ನೀರಾ. ಸುಣ್ಣವಿಲ್ಲದಿದ್ದರೆ ಬಿಸಿಲೇರಿದಂತೆ ನೊರೆಯೇಳುತ್ತದೆ, ಮಧ್ಯಾಹ್ನಕ್ಕೆ ಅಮಲು, ಮರುದಿನ ಬರೀ ಹುಳಿ. ಒಲೆಯಿಲ್ಲ, ಭಟ್ಟಿಯಿಲ್ಲ. ಕುಡಿಯುವ ಹೊತ್ತನ್ನು ಗೊತ್ತುಮಾಡುವವನು ಸೂರ್ಯ.

ನಿಜಾಮರ ಆಳ್ವಿಕೆಯಲ್ಲಿ ಅಬಕಾರಿ ದೊಡ್ಡ ಆದಾಯ. ಗುತ್ತಿಗೆ ಹರಾಜಾಗುತ್ತಿತ್ತು, ಲಾಭ ಗುತ್ತಿಗೆದಾರನಿಗೆ, ಜಾರಿ ಬೀಳುವ ಭಯ ಏರುವವನಿಗೆ. 1939ರಲ್ಲಿ ಮೈಸೂರು ಸಂಸ್ಥಾನದ ತುರುವನೂರಿನಲ್ಲಿ ಈಚಲು ಮರ ಕಡಿದು ಸತ್ಯಾಗ್ರಹ ನಡೆದಂತೆ, 1947ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲೂ ಸ್ಟೇಟ್ ಕಾಂಗ್ರೆಸ್ಸಿನವರು ಸಿಂದಿಗಿಡಗಳಿಗೆ ಕೊಡಲಿಯಿಟ್ಟರು. ಸರಕಾರದ ಬೊಕ್ಕಸಕ್ಕೆ ಕೊಟ್ಟ ಪೆಟ್ಟು ಅದು. ಗಿಡವನ್ನೇ ನಂಬಿದವರ ಒಲೆಗೂ ತಗಲಿತೆಂಬುದನ್ನು ನಾನು ಪಾಠದಲ್ಲಿ ಎಂದೂ ಹೇಳಲಿಲ್ಲ.

ಇನ್ನೊಂದು ತಪ್ಪೂ ನನ್ನದೇ. ಕುಡಿತದ ಕೇಡನ್ನು ಆವೇಶದಿಂದ ಬಣ್ಣಿಸುವಾಗ ಸಿಂದಿ ಇಳಿಸುವವರನ್ನೂ ಸೇರಿಸಿ ಬಯ್ಯುತ್ತಿದ್ದೆ. ಹಿಂದಿನ ಸಾಲಿನಲ್ಲೊಬ್ಬ ಹುಡುಗ ತಲೆತಗ್ಗಿಸಿ ಕೂರುತ್ತಿದ್ದ. ಅವನ ತಂದೆಯ ಕಸುಬು ಅದೇ ಎಂದು ತಿಳಿದಿದ್ದೂ ನಾನು ಮಾತು ನಿಲ್ಲಿಸಲಿಲ್ಲ. ಆ ವರ್ಷವೇ ಶರಣರ ಪಾಠದಲ್ಲಿ ಹೆಂಡದ ಮಾರಯ್ಯನ ಹೆಸರು ಬಂತು. ಕಲ್ಯಾಣದ ಶರಣರ ಸಾಲಿನಲ್ಲಿ ಹೆಂಡ ಮಾರುವ ಕಾಯಕದವನಿಗೂ ಸ್ಥಾನವಿತ್ತು, ಆತನೂ ವಚನಕಾರನೆಂದೆ. ಹುಡುಗ ಎದ್ದು ನಿಂತ.

"ಸರ್, ಮಾರಯ್ಯ ಗಿಡಾನೂ ಏರತಿದ್ನೇನ್ರಿ?"

ತರಗತಿ ನಕ್ಕಿತು. ನಾನು ನಗಲಿಲ್ಲ, ಉತ್ತರಿಸಲೂ ಆಗಲಿಲ್ಲ.

ಕುಡಿತದಿಂದ ಹಾಳಾದ ಮನೆಗಳನ್ನು ಕಂಡಿದ್ದೇನೆ. ಕ್ಲೋರಲ್ ಹೈಡ್ರೇಟ್ ಬೆರೆಸಿದ ಕಳ್ಳ ಸಿಂದಿಯ ಕೇಡನ್ನೂ ಬಲ್ಲೆ. ಆದುದರಿಂದ ಸರಕಾರದ ನಿಷೇಧವನ್ನು ನಾನು ಹಳಿಯಲಾರೆ. ಆದರೆ ಆ ಹುಡುಗನ ತಂದೆ ಗಿಡದ ರಸವನ್ನಷ್ಟೇ ಇಳಿಸುತ್ತಿದ್ದ. ನಿಷೇಧದ ಬಳಿಕ ಆತ ಕೂಲಿಗೆ ಹೋದ. ಹುಡುಗ ಎಲ್ಲಿದ್ದಾನೋ, ಇದನ್ನು ಓದಿದರೆ ಒಂದು ಸಾಲು ಬರೆಯಲಿ.